ಕೈಗವಸು ಹಾಕದ ಪೌರಕಾರ್ಮಿಕರಿಗೆ ದಂಡ: ಬೇಕೇ, ಬೇಡವೇ?

ಬೆಳಿಗ್ಗೆ ಹಾಜರಿ ಹಾಕುವ ಹೊತ್ತಿಗೆ ಎಲ್ಲರ ಕೈಯಲ್ಲೂ ಗವಸು ಇರುತ್ತದೆ. ಎರಡನೇ ಬೀದಿ ಮುಗಿಯುವಷ್ಟರಲ್ಲಿ ಎಷ್ಟೋ ಜೊತೆ ತಳ್ಳುಗಾಡಿಯ ಹಿಡಿಗೆ ನೇತಾಡುತ್ತಿರುತ್ತವೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸಮವಸ್ತ್ರ, ಹೊಳೆಯುವ ಜಾಕೆಟ್, ಕೈಗವಸು, ಮಳೆಕೋಟು, ತಕ್ಕ ಪಾದರಕ್ಷೆ, ಮಾಸ್ಕ್ ಕೊಡಬೇಕು ಎಂದು ಹೇಳಿ ಸುಮ್ಮನಾಗಲಿಲ್ಲ. ಕಾರ್ಮಿಕರು ಅವನ್ನು ಬಳಸುವಂತೆ ನೋಡಿಕೊಳ್ಳುವ ಹೊಣೆಯನ್ನೂ ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿದವು. ಹಾಗೆ ನೋಡಿಕೊಳ್ಳಲು ದಂಡ ಹಾಕಬಹುದೇ?

ಪರ

ಕಸದ ಕೆಲಸದ ಅಪಾಯ ಕಣ್ಣಿಗೆ ಕಾಣುವಂಥದ್ದಲ್ಲ. ಇಲಿಯ ಮೂತ್ರ ಬೆರೆತ ಚರಂಡಿ ನೀರಿನಿಂದ ಇಲಿಜ್ವರ ಅಂಟಲು ಬೆರಳ ಸಂದಿಯ ಒಂದು ಬಿರುಕು ಸಾಕು. ಜ್ವರ ಬರುವುದು ಒಂದೆರಡು ವಾರ ಕಳೆದ ಮೇಲೆ. ಅಷ್ಟರಲ್ಲಿ ಆ ದಿನದ ಬರಿಗೈ ಯಾರಿಗೂ ನೆನಪಿರುವುದಿಲ್ಲ. ಬರಿಗೈಯಲ್ಲಿ ಹತ್ತು ವರ್ಷ ದುಡಿದವರು "ನನಗೇನೂ ಆಗಿಲ್ಲವಲ್ಲ" ಎನ್ನುವುದು ಸಹಜ. ಅವರಿಗೆ ತಿಳಿಹೇಳುವುದೊಂದರಿಂದಲೇ ಆ ರೂಢಿ ಬದಲಾಗದು.

ದಂಡ ಎಂದರೆ ಮನಬಂದಂತೆ ಸಂಬಳ ಕತ್ತರಿಸುವುದು ಎಂದು ತಿಳಿಯಬೇಕಿಲ್ಲ. ನಮ್ಮ ವೇತನ ಕಾನೂನಿನ ಪ್ರಕಾರ ದಂಡವು ಆ ಅವಧಿಯ ವೇತನದ ಶೇ. 3 ಮೀರುವಂತಿಲ್ಲ. ಹಾಕುವ ಮುನ್ನ ಕಾರಣ ಕೇಳಲೇಬೇಕು. ವಸೂಲಾದ ಹಣ ಕಾರ್ಮಿಕರ ಒಳಿತಿಗೇ ಬಳಕೆಯಾಗಬೇಕು.

ನನಗೆ ಮುಖ್ಯವೆನಿಸುವುದು ಆ ಕಾರಣ ಕೇಳುವ ಹಂತ. ಇವತ್ತು ಏನಾಗುತ್ತಿದೆ? ಮೇಲಿನವರು ಕೇಳಿದರೆ "ಅವರೇ ಹಾಕಲ್ಲ ಸಾರ್" ಎಂದು ಕಾರ್ಮಿಕರ ಮೇಲ್ವಿಚಾರಣೆ ನೋಡುವ ದಫೇದಾರರು ಹೇಳುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ದಂಡದ ನಿಯಮವಿದ್ದರೆ ನೋಟಿಸ್ ಬರಬೇಕು, ಅದಕ್ಕೆ ಉತ್ತರ ಬರಬೇಕು. ಗವಸು ಹರಿದು ಎರಡು ತಿಂಗಳಾಯಿತು, ಬೂಟು ಕಾಲಿಗೆ ಆಗುತ್ತಿಲ್ಲ ಎಂಬುದು ಮೊದಲ ಬಾರಿಗೆ ಕಡತ ಸೇರುತ್ತದೆ. ಕಡತ ಸೇರಿದ ದೂರನ್ನು ಪರಿಸರ ಎಂಜಿನಿಯರಾಗಲಿ, ಮುಖ್ಯಾಧಿಕಾರಿಯಾಗಲಿ ಕಂಡೂ ಕಾಣದಂತೆ ಇರಲು ಕಷ್ಟ. ಕಾರ್ಮಿಕರು ಬರಿಗೈಯಲ್ಲಿ ದುಡಿಯುವುದನ್ನು ನೋಡಿಯೂ ಸುಮ್ಮನಿರುವ ವ್ಯವಸ್ಥೆಗೆ ಅವರ ಮೇಲೆ ಕರುಣೆ ಇದೆ ಎಂದು ನಾನು ನಂಬಲಾರೆ.

ವಿರೋಧ

ಕಾರಣ ಕೇಳುವವರು ಯಾರು? ಹಾಜರಿ ಹಾಕುವ ಅದೇ ದಫೇದಾರರು. ಉತ್ತರಿಸಬೇಕಾದವರು ನಾಳೆ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ತಿಳಿಯದ ಹೆಣ್ಣುಮಗಳು. ಬಹುಪಾಲು ಬೀದಿಗಳನ್ನು ಗುಡಿಸುತ್ತಿರುವವರು ಹೆಂಗಸರೇ. ಕಡತದಲ್ಲಿ ಉಳಿಯುವುದು ಅವರ ದೂರಲ್ಲ, "ತಪ್ಪಾಯಿತು" ಎಂಬ ಬರಹದ ಕೆಳಗೆ ಒತ್ತಿಸಿಕೊಂಡ ಹೆಬ್ಬೆಟ್ಟು.

ಅವರು ಗವಸು ತೆಗೆಯುವುದೇಕೆ ಎಂದು ಪಕ್ಕದಲ್ಲಿ ನಿಂತು ನೋಡಿ. ಗಂಡಸರ ಅಳತೆಯ ರಬ್ಬರ್ ಗವಸಿನೊಳಗೆ ಬೆವರು ತುಂಬಿ ಕೈ ಜಾರುತ್ತದೆ, ಉದ್ದ ಹಿಡಿಯ ಪೊರಕೆ ನಿಲ್ಲುವುದಿಲ್ಲ. ಹಸಿ-ಒಣ ಬೇರ್ಪಡಿಸದೆ ಗಂಟುಕಟ್ಟಿ ಎಸೆದ ಕವರ್ ಬಿಚ್ಚಲು ಆ ದಪ್ಪ ಬೆರಳುಗಳಿಂದ ಆಗದು. ಸೀರೆಯ ಕೆಳಗೆ ಗಮ್‌ಬೂಟ್ ಹಾಕಿದರೆ ಮಳೆಗಾಲದಲ್ಲಿ ನೀರು ಒಳಗೇ ನಿಲ್ಲುತ್ತದೆ. ಇಷ್ಟೆಲ್ಲ ಸಹಿಸಿಕೊಂಡರೂ ಕವರಿನೊಳಗಿನ ಇಂಜೆಕ್ಷನ್ ಸೂಜಿ ರಬ್ಬರನ್ನು ದಾಟಿ ಚುಚ್ಚುತ್ತದೆ. ಸೂಜಿ ಚುಚ್ಚಿದಾಗ ನೆರವಾಗುವುದು ಮೂರು ಡೋಸ್ ಹೆಪಟೈಟಿಸ್ ಬಿ ಲಸಿಕೆ, ತಕ್ಷಣ ಕೈ ತೊಳೆಯಲು ನೀರು ಮತ್ತು ಸೋಪು. ಕೆಲಸದ ಸ್ಥಳದ ಸುರಕ್ಷತೆಯನ್ನು ಓದಿದ ಯಾರನ್ನೇ ಕೇಳಿ, ಮೊದಲು ಅಪಾಯವನ್ನೇ ತೆಗೆಯಿರಿ, ಮೈಮೇಲೆ ಹಾಕುವ ಸಲಕರಣೆ ಕೊನೆಯದು ಎನ್ನುತ್ತಾರೆ. ಡಯಾಪರ್, ಸ್ಯಾನಿಟರಿ ಪ್ಯಾಡ್ ಸುತ್ತಿ ಬೇರೆಯಾಗಿ ಕೊಡಬೇಕೆಂದು ಅದೇ 2016ರ ನಿಯಮಗಳು ಮನೆಯವರಿಗೂ ಹೇಳಿದ್ದವು. ಹಾಗೆ ಕೊಡದ ಮನೆಗಳನ್ನು ಬಿಟ್ಟು, ಅವರ ಕಸ ಎತ್ತುವವರ ಸಂಬಳಕ್ಕೆ ಕೈಹಾಕುವುದು ಯಾವ ನ್ಯಾಯ?

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ. ಸುರಕ್ಷತೆಯ ಆದೇಶವನ್ನಾಗಲಿ ಸಲಕರಣೆಯನ್ನಾಗಲಿ ಕಾರ್ಮಿಕರು ಬೇಕೆಂದೇ ಕಡೆಗಣಿಸಿದ್ದರಿಂದ ಗಾಯವಾಗಿದ್ದರೆ ಮಾಲೀಕರು ಪರಿಹಾರ ಕೊಡಬೇಕಿಲ್ಲ ಎಂಬ ಅಂಶ 1923ರ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲಿತ್ತು. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಮಾತ್ರ ಈ ಅಂಶ ಅನ್ವಯಿಸುತ್ತಿರಲಿಲ್ಲ. ಈಗ ಯೋಚಿಸಿ: ಎರಡು ಬಾರಿ ದಂಡ ಕಟ್ಟಿದ ದಾಖಲೆ ಇರುವ ಹೆಂಗಸಿನ ಬೆರಳು ಗಾಜಿಗೆ ಸಿಕ್ಕಿ ತುಂಡಾದರೆ, ಆ ದಾಖಲೆಯೇ ಅವರ ವಿರುದ್ಧದ ಮೊದಲ ಸಾಕ್ಷಿಯಾಗುತ್ತದೆ. ಶೇ. 3ರ ದಂಡ ಚಿಕ್ಕದಿರಬಹುದು. ಅದರ ಹಿಂದೆ ಬರುವ ನಷ್ಟ ಚಿಕ್ಕದಲ್ಲ.

ನಮ್ಮ ಕಾನೂನು ಬೇರೊಂದು ಕಡೆ ಸರಿಯಾದ ದಾರಿ ಹಿಡಿದಿದೆ. ರಕ್ಷಣೆಯಿಲ್ಲದೆ ಒಳಚರಂಡಿಗೆ ಮನುಷ್ಯರನ್ನು ಇಳಿಸಿದರೆ 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯಡಿ ಶಿಕ್ಷೆಯಾಗುವುದು ಇಳಿಸಿದವರಿಗೆ, ಇಳಿದವರಿಗಲ್ಲ. ಅಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದ್ದೂ ಸರ್ಕಾರಗಳಿಗೇ. ಮ್ಯಾನ್‌ಹೋಲ್ ಒಳಗೆ ಸರಿಯೆನಿಸಿದ್ದು ಅದರ ಪಕ್ಕದ ರಸ್ತೆಯಲ್ಲಿ ಏಕೆ ಸರಿಯೆನಿಸಬಾರದು? ಹಾಜರಿ ಪುಸ್ತಕದಲ್ಲಿ ಗವಸು ಕೊಟ್ಟ ದಿನ, ಅದರ ಅಳತೆ, ಲಸಿಕೆ ಹಾಕಿಸಿದ ದಿನ ಬರೆಯಲು ಮೂರು ಕಾಲಂ ಇರಲಿ. ಅವು ಖಾಲಿಯಿದ್ದ ತಿಂಗಳು ದಂಡದ ನೋಟಿಸ್ ಹೋಗಬೇಕಾದದ್ದು ಕಚೇರಿಗೆ.