ಆಂಬುಲೆನ್ಸ್ ಬರುವ ಮೊದಲೇ ಮೈ ತಣ್ಣಗಾಗಬೇಕು

"ಎಷ್ಟು ಚೀಲ ಆಯಿತು ಅಣ್ಣಾ?"

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ ಆ ಹಮಾಲಿ ನನ್ನನ್ನು ಹೀಗೆ ಮೂರು ಸಲ ಕೇಳಿದ. ಮೂರು ಸಲವೂ ಹೇಳಿದೆ. ದಾವಣಗೆರೆಯ ಬಿಸಿಲು, ತಗಡಿನ ಗೋದಾಮು, ಬೆಳಗಿನಿಂದ ಬೆನ್ನ ಮೇಲೆ ಮೆಕ್ಕೆಜೋಳದ ಚೀಲ. ದಣಿದಿದ್ದಾನೆ ಎಂದುಕೊಂಡು ಲೆಕ್ಕ ಬರೆಯುತ್ತ ಕುಳಿತೆ. ನಾಲ್ಕನೆಯ ಸಲ ಕೇಳಲು ಬಂದವನು ನನ್ನ ಮೇಜಿನ ಮುಂದೆಯೇ ಕುಸಿದ.

ಮೈ ಕೆಂಡದಂತಿತ್ತು. ಮೈ ವಿಪರೀತ ಕಾದು ಜೀವಕ್ಕೇ ಕುತ್ತು ತರುವ ಉಷ್ಣಾಘಾತದಲ್ಲಿ (ಹೀಟ್ ಸ್ಟ್ರೋಕ್) ಬೆವರು ನಿಂತಿರುತ್ತದೆ ಎಂದೇ ನಂಬಿದ್ದೆವು. ಆದ್ದರಿಂದ ಬೆವರು ಇಳಿಯುತ್ತಿದ್ದ ಅವನಿಗೆ ಅದೇ ಆಗಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಒಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು, ಇನ್ನೊಬ್ಬರು ಬೀಗದ ಕೈ ಗೊಂಚಲನ್ನು ಅಂಗೈಯಲ್ಲಿಟ್ಟರು, ಮತ್ತೊಬ್ಬರು ಪ್ರಜ್ಞೆಯಿಲ್ಲದವನ ಬಾಯಿಗೆ ಗ್ಲೂಕೋಸ್ ನೀರು ಸುರಿಯಹೋದರು. ನಾನು 108ಕ್ಕೆ ಕರೆ ಮಾಡಿದೆ. ತಣ್ಣೀರು ಹಾಕೋಣವೇ ಎಂದು ಹುಡುಗನೊಬ್ಬ ಕೇಳಿದ. "ಕಾದ ಮೈಗೆ ತಣ್ಣೀರು ಬಿದ್ದರೆ ಸನ್ನಿ ಹಿಡಿಯುತ್ತದೆ" ಎಂದು ಹಿರಿಯರೊಬ್ಬರು ತಡೆದರು. ನಾನೂ ಹೌದೆಂದೆ. ಇಪ್ಪತ್ತು ಹೆಜ್ಜೆ ದೂರದ ಕಬ್ಬಿನ ಹಾಲಿನ ಗಾಡಿಯಲ್ಲಿ ಗೋಣಿಚೀಲ ಸುತ್ತಿದ ಐಸ್ ದಿಮ್ಮಿಯಿತ್ತು. ಮೂರನೆಯ ದಿನ ಆತ ತೀರಿಕೊಂಡ. ಯಕೃತ್ತು, ಮೂತ್ರಪಿಂಡ ಎರಡೂ ಸೋತಿದ್ದವು.

ಅಂದಿನಿಂದ ಜೀವ ಉಳಿಸುವ ಶೀತದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. 1999ರಲ್ಲಿ ನಾರ್ವೆಯಲ್ಲಿ ಆನ್ನಾ ಬೋಗೆನ್‌ಹೋಮ್ ಎಂಬ ವೈದ್ಯೆ ಹೆಪ್ಪುಗಟ್ಟಿದ ತೊರೆಯಲ್ಲಿ ಸಿಕ್ಕಿಕೊಂಡು, ದೇಹದ ತಾಪ 13.7 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿದ್ದರೂ ಬದುಕಿದರು. ತಣ್ಣಗಾದ ಮಿದುಳಿಗೆ ಆಮ್ಲಜನಕ ಕಡಿಮೆ ಸಾಕು. ಇದೇ ನಂಬಿಕೆಯಿಂದ ಹೃದಯ ನಿಂತು ಮರಳಿದವರನ್ನು 33 ಡಿಗ್ರಿಯ ಆಸುಪಾಸಿನಲ್ಲಿಡುವ ಚಿಕಿತ್ಸೆ 2002ರ ಬಳಿಕ ಹಬ್ಬಿತು. 2021ರ ದೊಡ್ಡ ಅಧ್ಯಯನದಲ್ಲಿ, ಜ್ವರ ಬರದಂತೆ ನೋಡಿಕೊಳ್ಳುವುದಕ್ಕಿಂತ ಅದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಆ ಚರ್ಚೆಯನ್ನು ತಜ್ಞರು ಮಾಡಲಿ.

ಉಷ್ಣಾಘಾತದಲ್ಲಿ ಮಾತ್ರ ಶೀತವೇ ಮದ್ದು ಎಂಬುದರಲ್ಲಿ ಎರಡು ಮಾತಿಲ್ಲ. ಅಮೆರಿಕದ ಫಾಲ್ಮತ್ ಎಂಬ ಊರಿನಲ್ಲಿ ಪ್ರತಿ ಬೇಸಿಗೆ ಓಟದ ಸ್ಪರ್ಧೆ ನಡೆಯುತ್ತದೆ. 18 ವರ್ಷಗಳಲ್ಲಿ 274 ಓಟಗಾರರಿಗೆ ಉಷ್ಣಾಘಾತವಾಯಿತು. ಅವರನ್ನು ಅಲ್ಲೇ ಐಸ್ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. 274 ಮಂದಿಯೂ ಬದುಕಿದರು. ಈ ಸಾಲನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ದೇಹದ ಒಳಗಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟಿ ಮಾತು ತಪ್ಪತೊಡಗಿತೆಂದರೆ ಅರ್ಧ ಗಂಟೆಯೊಳಗೆ ಅದನ್ನು ಇಳಿಸಬೇಕು. ಪ್ಯಾರಾಸಿಟಮಾಲ್ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಇದು ಜ್ವರವಲ್ಲ. 108ಕ್ಕೆ ತಿಳಿಸಿ, ಅದು ಬರುವವರೆಗೆ ಕಾಯದೆ ತಾಡಪಾಲು ಹಾಸಿ ಮಲಗಿಸಿ. ನಾಲ್ಕು ಜನ ಅಂಚುಗಳನ್ನು ದೋಣಿಯಂತೆ ಎತ್ತಿ ಹಿಡಿಯಲಿ. ನೀರು, ಐಸ್ ಸುರಿದು ಕಲಕುತ್ತಿರಿ, ತಲೆಯನ್ನು ನೀರಿನಿಂದ ಮೇಲೆ ಹಿಡಿಯಿರಿ. ಹದಿನೈದು ಇಪ್ಪತ್ತು ನಿಮಿಷ, ಇಲ್ಲವೇ ಮಾತು ಸರಿಯಾಗುವವರೆಗೆ. ವಯಸ್ಸಾದವರಿಗಾದರೆ ಒದ್ದೆ ಬಟ್ಟೆ ಹೊದಿಸಿ ಜೋರಾಗಿ ಗಾಳಿ ಹಾಕಿ. ಉಸಿರಾಟ ನಿಂತಿದ್ದರೆ ಮಾತ್ರ ಎದೆ ಒತ್ತುವುದೇ ಮೊದಲ ಕೆಲಸ.

ಇದಕ್ಕೆ ಯಾವ ಯಂತ್ರವೂ ಬೇಡ. ನಮ್ಮ ಪ್ರತಿ ಗೋದಾಮಿನಲ್ಲೂ ತಾಡಪಾಲಿದೆ, ನೀರಿನ ಡ್ರಮ್ ಇದೆ, ಎತ್ತಿ ಹಿಡಿಯುವ ತೋಳುಗಳಂತೂ ಹಮಾಲರಷ್ಟು ಯಾರಲ್ಲೂ ಇಲ್ಲ. ಮಳೆಗೆ ಕಾಳು ನೆನೆಯಬಾರದೆಂದು ಓಡಿ ಹೋಗಿ ತಾಡಪಾಲು ಹೊದಿಸುವ ನಾವು, ಅದನ್ನು ಹೊತ್ತು ತಂದವನಿಗಾಗಿ ಅದೇ ತಾಡಪಾಲನ್ನು ಬಿಚ್ಚಲಿಲ್ಲ. ವರ್ತಕರೇ, ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ಲೋಡಿಂಗ್ ನಿಲ್ಲಿಸಿ ಎಂದು ಕೈಮುಗಿದು ಕೇಳುತ್ತೇನೆ.

ನಮ್ಮ ಅಂಗಡಿಯಲ್ಲಿ ಈಗ ಒಂದು ತಾಡಪಾಲನ್ನು ಮಡಚಿ ಬಾಗಿಲ ಪಕ್ಕದಲ್ಲೇ ಇಟ್ಟಿದ್ದೇವೆ. ಕೇಳಿದ ಕೂಡಲೇ ದಿಮ್ಮಿ ಒಡೆದು ಕೊಡುತ್ತೇನೆಂದು ಕಬ್ಬಿನ ಹಾಲಿನವರು ಒಪ್ಪಿದ್ದಾರೆ. ಯಾರಾದರೂ ಒಂದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದರೆ ನಾನು ಲೆಕ್ಕದ ಪುಸ್ತಕ ಮುಚ್ಚಿ, ಎದ್ದು ಹೋಗಿ ಅವರ ಮೈ ಮುಟ್ಟಿ ನೋಡುತ್ತೇನೆ.