ಸತ್ಯಾಂಶ: ಬೋಲ್ಟ್‌ಗಿಂತ ದೊಡ್ಡ ರಂಧ್ರ ಕಳಪೆ ಕಾಮಗಾರಿಯ ಗುರುತೇ?

ಉಕ್ಕಿನ ತೊಲೆಯ ಜೋಡಣೆಯಲ್ಲಿ ಬೋಲ್ಟ್‌ಗಿಂತ ರಂಧ್ರ ದೊಡ್ಡದಿರುವ ಚಿತ್ರ ತೋರಿಸಿ, ‘ಇದು ಕಳಪೆ ಕಾಮಗಾರಿ, ಕಟ್ಟಡ ಅಲುಗಾಡುತ್ತದೆ’ ಎಂದು ಎಚ್ಚರಿಸುವ ಸಂದೇಶ ಆಗಾಗ ಹರಿದಾಡುತ್ತದೆ. ಚಿತ್ರ ನಿಜವಿರಬಹುದು, ತೀರ್ಮಾನ ಮಾತ್ರ ಸರಿಯಲ್ಲ. ಉಕ್ಕಿನ ಕಟ್ಟಡಗಳಲ್ಲಿ 16ರಿಂದ 24 ಮಿ.ಮೀ. ವ್ಯಾಸದ ಬೋಲ್ಟ್‌ಗಳಿಗೆ ಸಾಮಾನ್ಯವಾಗಿ 2 ಮಿ.ಮೀ. ಹೆಚ್ಚು ವ್ಯಾಸದ ರಂಧ್ರ ಕೊರೆಯುತ್ತಾರೆ. ಬೇರೆಬೇರೆಯಾಗಿ ಕೊರೆದು ತಂದ ಫಲಕಗಳ ಹತ್ತಾರು ರಂಧ್ರಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದರ ಮೇಲೊಂದು ಕೂರುವುದಿಲ್ಲವಾದ್ದರಿಂದ ಈ ಸಡಿಲ ಬೇಕೇಬೇಕು.

ಹಾಗಾದರೆ ಜೋಡಣೆ ಜಾರುವುದಿಲ್ಲವೇ? ಸಾಮಾನ್ಯ ಜೋಡಣೆ ಭಾರ ಬಿದ್ದಾಗ ತುಸು ಜಾರಿ, ಬೋಲ್ಟಿನ ಮೈ ರಂಧ್ರದ ಗೋಡೆಗೆ ತಾಗಿ ನಿಲ್ಲುತ್ತದೆ. ವಿನ್ಯಾಸಕಾರರು ಇದನ್ನು ಮೊದಲೇ ಲೆಕ್ಕ ಹಿಡಿದಿರುತ್ತಾರೆ. ಜಾರಲೇಬಾರದ ಕಡೆ, ಉದಾಹರಣೆಗೆ 8.8 ಎಂಬ ಹೆಚ್ಚು ಬಲದ ದರ್ಜೆಯ 20 ಮಿ.ಮೀ. ಬೋಲ್ಟನ್ನು ಸುಮಾರು 137 ಕಿಲೋನ್ಯೂಟನ್, ಎಂದರೆ ಹತ್ತಿರಹತ್ತಿರ 14 ಟನ್ ತೂಕದಷ್ಟು, ಎಳೆತ ಮೂಡುವಂತೆ ಬಿಗಿಯುತ್ತಾರೆ. ಆ ಒತ್ತಡದಿಂದ ಫಲಕಗಳ ನಡುವೆ ಹುಟ್ಟುವ ಘರ್ಷಣೆಯೇ ಭಾರ ಹೊರುವುದರಿಂದ ಬೋಲ್ಟ್ ರಂಧ್ರದ ಗೋಡೆಯನ್ನು ಮುಟ್ಟಬೇಕಾಗಿಯೇ ಇಲ್ಲ.

ಅನುಮಾನಿಸಬೇಕಾದದ್ದು ಬೇರೆಯೇ ಇದೆ: ಬೋಲ್ಟ್ ಕೂರಲಿಲ್ಲವೆಂದು ಸ್ಥಳದಲ್ಲೇ ಗ್ಯಾಸ್ ಕಟರ್‌ನಿಂದ ಅಡ್ಡಾದಿಡ್ಡಿಯಾಗಿ ಹಿಗ್ಗಿಸಿದ ರಂಧ್ರ, ಇಲ್ಲವೇ ಫಲಕದ ಅಂಚಿಗೆ ತೀರಾ ಹತ್ತಿರ ಕೊರೆದ ರಂಧ್ರ. ಅವುಗಳ ಬಗ್ಗೆ ಆ ಸಂದೇಶ ಚಕಾರವೆತ್ತುವುದಿಲ್ಲ.