ಕೂಗಳತೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ

ಹಳ್ಳಿಕಟ್ಟೆಯ ಮೇಲೆ ಕೂತವರನ್ನು ದಾರಿ ಕೇಳಿದರೆ ‘ಇಲ್ಲೇ, ಕೂಗಳತೆ ದೂರ’ ಎನ್ನುತ್ತಾರೆ. ನಡೆದರೆ ಮೂರು ಮೈಲಿ. ಅಂತರ್ಜಾಲದ ದೂರಮಾಪಕಗಳು ಅಂಥವಲ್ಲ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ಎಂದರೆ 13,993 ಕಿ.ಮೀ., ವಿಮಾನದಲ್ಲಿ 17 ಗಂಟೆ 53 ನಿಮಿಷ ಎಂದು ಥಟ್ಟನೆ ಹೇಳಿಬಿಡುತ್ತವೆ. ಮುಹೂರ್ತ ಇಡುವ ಪುರೋಹಿತರೂ ಹತ್ತು ನಿಮಿಷ ಹಿಂದೆಮುಂದೆ ಒಪ್ಪುತ್ತಾರೆ. ಆ 53 ಮಾತ್ರ ಅಲುಗಾಡುವುದಿಲ್ಲ.

ಸೂತ್ರ ಐದನೇ ತರಗತಿಯದು. ದೂರವನ್ನು ಗಂಟೆಗೆ 500 ಮೈಲಿ, ಅಂದರೆ 805 ಕಿ.ಮೀ. ವೇಗದಿಂದ ಭಾಗಿಸಿ, ಏರಲು, ಇಳಿಯಲು ಎಲ್ಲ ಸೇರಿ ಅರ್ಧ ಗಂಟೆ ಕೂಡಿಸಿ. ಮುಗಿಯಿತು. ರನ್‌ವೇ ಮುಂದಿನ ಸಾಲು ಇಲ್ಲ, ಗಾಳಿಯೂ ಇಲ್ಲ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ದಾಟುವುದುಂಟು. ಬೆನ್ನಿಗಿದ್ದರೆ ಲಾಭ, ಎದುರಾದರೆ ದಂಡ. ಮಾಪಕದಲ್ಲಿ ಮಾತ್ರ ಹೋಗುವುದಕ್ಕೂ ಬರುವುದಕ್ಕೂ ಒಂದೇ ಹೊತ್ತು.

ಆ 13,993 ಎಲ್ಲಿಂದ ಬಂತು? ಮಕ್ಕಳ ಗ್ಲೋಬಿನ ಮೇಲೆ ಎರಡೂ ಊರಿಗೆ ನೂಲು ಹಿಡಿದು ಬಿಗಿಯಾಗಿ ಎಳೆಯಿರಿ. ಆ ನೂಲಿನ ಅಳತೆಯೇ ಅದು. ನೂಲು ನೇಪಾಳದ ಅನ್ನಪೂರ್ಣಾ ಪರ್ವತದ ಬಳಿ ಹಿಮಾಲಯ ದಾಟಿ, ಟಿಬೆಟ್, ಪಶ್ಚಿಮ ಮಂಗೋಲಿಯಾ, ಸೈಬೀರಿಯಾ ಹಾದು, ಸುಮಾರು 71 ಡಿಗ್ರಿ ಉತ್ತರದವರೆಗೆ ಏರಿ ಅಲಾಸ್ಕಾ ಕಡೆ ಇಳಿಯುತ್ತದೆ. ನೂಲಿಗೇನು, ಅದು ಉಸಿರಾಡುವುದಿಲ್ಲ. ಕ್ಯಾಬಿನ್ ಒತ್ತಡ ಕುಸಿದರೆ ವಿಮಾನ 10,000 ಅಡಿಗೆ ಇಳಿಯಬೇಕು. ಟಿಬೆಟ್ಟಿನಲ್ಲಿ ನೆಲವೇ 14,000 ಅಡಿ ಮೇಲಿದೆ. ತಲೆಯ ಮೇಲಿಂದ ಬೀಳುವ ಮುಖವಾಡದ ಆಮ್ಲಜನಕ ಬರುವುದು ಸಾಮಾನ್ಯವಾಗಿ ಕಾಲು ಗಂಟೆ. ಆದ್ದರಿಂದ ವಿಮಾನಗಳು ಆ ಪ್ರಸ್ಥಭೂಮಿಯನ್ನು ಆದಷ್ಟು ಸುತ್ತುಹಾಕಿ ಹೋಗುತ್ತವೆ.

ಕೆಲವು ಮಾಪಕಗಳು ಇನ್ನೂ ಉದಾರಿಗಳು: ಇಬ್ಬರು ಭೇಟಿಯಾಗಲು ನಡುದಾರಿಯ ಬಿಂದುವನ್ನೂ ಹುಡುಕಿಕೊಡುತ್ತವೆ. ಈ ನೂಲಿನ ನಡುಬಿಂದು 67 ಡಿಗ್ರಿ ಉತ್ತರದಲ್ಲಿ, ರಷ್ಯಾದ ಯಾಕುತಿಯಾದಲ್ಲಿ. ಅಲ್ಲಿಂದ ಸುಮಾರು 280 ಕಿ.ಮೀ. ದೂರದ ವೆರ್ಖೊಯಾನ್ಸ್ಕ್ ಪಟ್ಟಣದಲ್ಲಿ 1892ರಲ್ಲಿ ಉಷ್ಣಾಂಶ ಮೈನಸ್ 67.8 ಡಿಗ್ರಿಗೆ ಇಳಿದಿತ್ತು. ಮಗ ಅಮೆರಿಕದಲ್ಲಿ, ಅಮ್ಮ ಮಲ್ಲೇಶ್ವರದಲ್ಲಿ. ನಡುವೆ ಸಿಕ್ಕು ಉಪ್ಪಿನಕಾಯಿ ಡಬ್ಬಿ ಕೈಬದಲಿಸಿಕೊಳ್ಳಲು ಇದಕ್ಕಿಂತ ತಂಪು ಜಾಗ ಬೇಕೆ?

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮಹಿಳೆಯರೇ ನಡೆಸಿದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲಿಂದ ಬಂತು. ಲೆಕ್ಕದಲ್ಲಿ ಧ್ರುವದ ದಾರಿ 14,400 ಕಿ.ಮೀ. ಆಸುಪಾಸು, ನೂಲಿಗಿಂತ ಉದ್ದ. ಗಾಳಿ ಅನುಕೂಲವಾದರೆ ಉದ್ದದ ದಾರಿಯೇ ಬೇಗ ಮುಗಿಯುವುದುಂಟು. ಪತ್ರಿಕೆಗಳಲ್ಲಿ ಬಂದದ್ದು 16,000. ವೇಳಾಪಟ್ಟಿಯಂತೆ 9ರ ರಾತ್ರಿ 8:30ಕ್ಕೆ ಹೊರಟು 11ರ ಬೆಳಗಿನ ಜಾವ 3:45ಕ್ಕೆ ಇಳಿಯಬೇಕು. ಗಡಿಯಾರ ನಂಬಿ ಕಳೆದರೆ 31 ಗಂಟೆ 15 ನಿಮಿಷ! ಎರಡೂ ಊರಿನ ಹದಿಮೂರೂವರೆ ಗಂಟೆ ವ್ಯತ್ಯಾಸ ತೆಗೆದರೆ ಹದಿನೇಳೂ ಮುಕ್ಕಾಲು. ಕುರುಡು ಸೂತ್ರವೂ ಎಂಟೇ ನಿಮಿಷ ತಪ್ಪಿದೆಯಲ್ಲ ಎನ್ನಬೇಡಿ. ನಿಂತ ಗಡಿಯಾರವೂ ದಿನಕ್ಕೆರಡು ಸಲ ಸರಿ ಹೇಳುತ್ತದೆ.

ಅಂದಹಾಗೆ, ರಷ್ಯಾದ ಆ ಕಡೆ ನಡುದಾರಿಯ ಭೇಟಿ ಒಮ್ಮೆ ನಡೆದೂ ಇದೆ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗಡಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರಲ್ಲಿ ಹಲವರು ಶಾಲೆಯೊಂದರಲ್ಲಿ, ನೆಲಕ್ಕೆ ಹಾಸಿದ ಹಾಸಿಗೆಗಳ ಮೇಲೆ ಮಲಗಿದರು. ಮಾಪಕದ ಪ್ರಕಾರ ಅಷ್ಟು ಹೊತ್ತಿಗೆ ಅವರೆಲ್ಲ ಕ್ಯಾಲಿಫೋರ್ನಿಯಾದಲ್ಲಿದ್ದರು.